ಮೀಸೆ ಮೀನಿನ ಚೀಟಿ

ಜೂನ್ 3

ಅಕ್ಕನಿಗೆ ಗುಬ್ಬಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು. ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಅಂದರೆ ರಕ್ತ, ಕಿರುಚಾಟ ಎಂದುಕೊಂಡಿದ್ದೆ. ಕಿರುಚಾಟ ಇದೆ, ರಕ್ತ ಅಷ್ಟಿಲ್ಲ. ಬೆಳಿಗ್ಗೆ ನೆಲ ಒರೆಸುತ್ತೇನೆ, ಸಲಕರಣೆ ಕುದಿಸುತ್ತೇನೆ, ಬಾಯಿ ಮುಕ್ಕಳಿಸುವ ಲೋಟ ತುಂಬಿಡುತ್ತೇನೆ. ಇವುಗಳ ಜೊತೆ ಇನ್ನೊಂದು ಕೆಲಸ ಅಂಟಿಕೊಂಡಿದೆ. ಅದಕ್ಕೇ ಈ ಪತ್ರ.

ಜನ ಕಾಯುವ ಕೋಣೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ಹದಿನಾಲ್ಕು ನಿಯಾನ್ ಮೀನು, ಹತ್ತು ಗಪ್ಪಿ ಮೀನು. ಎಲ್ಲವೂ ಬೆರಳಿನ ಎರಡು ಗೆಣ್ಣಿಗಿಂತ ಉದ್ದವಿಲ್ಲ. ಹಲ್ಲು ಕೀಳಿಸಲು ಬಂದ ಮಕ್ಕಳು ಅಳತೊಡಗಿದರೆ ನಾನು ಹತ್ತಿರ ಹೋಗಿ "ಒಳಗೆ ಎಷ್ಟು ಮೀನಿದೆ, ಎಣಿಸಿ ಹೇಳು" ಅನ್ನುತ್ತೇನೆ. ಹೊರಗಿನವರ ಜೊತೆ ನನಗೆ ಸರಾಗವಾಗಿ ಆಡಲು ಬರುವ ಮಾತು ಇದೊಂದೇ. ಮೀನು ಒಂದು ಕಡೆ ನಿಲ್ಲುವುದಿಲ್ಲ, ಎಣಿಕೆ ತಪ್ಪುತ್ತದೆ, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಅಳು ಮರೆತಿರುತ್ತದೆ. ಇಪ್ಪತ್ತನಾಲ್ಕು ಎಂದು ಸರಿಯಾಗಿ ಹೇಳಿದವರಿಗೆ ಡಾಕ್ಟರು ಬಾಗಿಲ ತನಕ ಬಂದು ಕೈ ಕುಲುಕುತ್ತಾರೆ.

ನನ್ನ ಮುಂಚಿನವಳನ್ನು ಕಳಿಸಿದ್ದು ತೊಟ್ಟಿ ನಾರಿತು ಅಂತ. ನನಗೆ ಮೂರು ತಿಂಗಳು ಪರೀಕ್ಷೆ. ಇರಿಸಿಕೊಳ್ಳುತ್ತಾರೋ ಇಲ್ಲವೋ ಜುಲೈ ಕೊನೆಗೆ ಗೊತ್ತಾಗುತ್ತದೆ. "ತೊಟ್ಟಿ ಚೆನ್ನಾಗಿದ್ರೆ ನೀನೂ ಚೆನ್ನಾಗಿರ್ತೀಯ" ಅಂದರು ಡಾಕ್ಟರು, ನಗುತ್ತಲೇ. ಹಿಂದಿನ ಎರಡು ಕೆಲಸವೂ ನಾನು ಬಾಯಿ ಬಿಡುವುದಿಲ್ಲ ಅಂತಲೇ ಹೋದವು. ಮೂರನೆಯದೂ ಹೋಯಿತು ಎಂದು ಅಮ್ಮನ ಮುಂದೆ ನಿಲ್ಲಲು ನನಗೆ ಮುಖವಿಲ್ಲ.

ಈಗ ವಿಷಯ. ಹಾಕಿದ ತಿಂಡಿಯಲ್ಲಿ ಅರ್ಧ ತಳಕ್ಕೆ ಹೋಗಿ ಕೊಳೆಯುತ್ತದೆ. ಡಾಕ್ಟರು "ಒಂದು ಕ್ಯಾಟ್‌ಫಿಶ್ ಬಿಟ್ರೆ ಎಲ್ಲ ತಿಂದು ಹಾಕುತ್ತೆ. ಯಾವುದು ಅಂತ ವಿಚಾರಿಸು" ಅಂದರು. ನಾನು ಹೂಂ ಅಂದೆ. ಕೌಂಟರಿನ ಮೇಡಂ ಅಲ್ಲಿಂದಲೇ "ಇವಳು ಹುಟ್ಟಿದಾಗ್ಲೂ ಅಳೋ ಬದ್ಲು ಹೂಂ ಅಂದಿರ್ಬೇಕು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ಮೀನು ಪ್ಯಾಕು ಮಾಡುವ ಗೋದಾಮಿನಲ್ಲಿ ಆರು ವರ್ಷದಿಂದ ಇದ್ದೀಯ. ಕ್ಯಾಟ್‌ಫಿಶ್ ಅಂದರೆ ಮೀಸೆ ಮೀನು ತಾನೇ? ಯಾವುದನ್ನು ಬಿಟ್ಟರೆ ನನ್ನ ಇಪ್ಪತ್ತನಾಲ್ಕಕ್ಕೂ ತೊಂದರೆ ಇಲ್ಲ, ಬೇಗ ಬರೆ.

ನಿನ್ನ ಗುಬ್ಬಿ


ಜೂನ್ 10

ಗುಬ್ಬಿ,

ನಿನ್ನ ಪತ್ರ ಬಂತು. ಫೋನಿನಲ್ಲಿ ಹೂಂ ಬಿಟ್ಟು ಬೇರೆ ಮಾತಿಲ್ಲದವಳು ಎರಡು ಪುಟ ಬರೆದಿದ್ದೀಯ. ಇನ್ನು ಮೇಲೆ ಹೀಗೇ ಬರೆ. ಹೇಗೂ ಇಲ್ಲಿ ಫೋನು ಇರುವುದು ಗೋದಾಮಿನ ಯಜಮಾನರ ಮೇಜಿನ ಮೇಲೆ. ನಾವು ಆಡಿದ ಮಾತು ಮೊದಲು ಅವರ ಕಿವಿಗೆ ಹೋಗಿ ಆಮೇಲೆ ತಂತಿಗೆ ಹೋಗುತ್ತದೆ.

ಮೊದಲು ಮೀನಿನ ಬಾಯಿ ನೋಡು. ಮೀಸೆ ಎಷ್ಟು ಉದ್ದ, ಮೈ ಎಷ್ಟು ಚೆಂದ ಎಂದು ನೋಡಬೇಡ. ಮೀನಿಗೆ ನೆಂಟರು ನೆರೆಯವರು ಎಂದು ಗೊತ್ತಿಲ್ಲ. ಬಾಯಿಗೆ ಹಿಡಿಸುವುದೆಲ್ಲ ಊಟ. ಬಾಯಿ ಮುಂದಕ್ಕೆ ಅಗಲವಾಗಿ ತೆರೆದಿದ್ದರೆ ಅದು ಬೇಟೆಯ ಬಾಯಿ. ಗಲ್ಲದ ಅಡಿಯಲ್ಲಿ ಪುಟ್ಟದಾಗಿ ಕೆಳಮುಖವಾಗಿದ್ದರೆ ನೆಲ ಕೆದಕುವ ಬಾಯಿ. ನಿನಗೆ ಬೇಕಾದ್ದು ಎರಡನೆಯದು. ಆಮೇಲೆ, ಈಗ ಎಷ್ಟಿದೆ ಎಂದು ನೋಡಬೇಡ, ಬೆಳೆದರೆ ಎಷ್ಟಾಗುತ್ತದೆ ಎಂದು ಕೇಳು. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್ ಮರಿ ಇವತ್ತು ಬೆರಳುದ್ದ, ಎರಡು ವರ್ಷಕ್ಕೆ ಮೊಣಕೈ ಉದ್ದ.

ನಿನ್ನ ತೊಟ್ಟಿಗೆ ಕೋರಿ ಎನ್ನುವ ಮೀನು ಸರಿ. ಹೆಬ್ಬೆರಳಿಗಿಂತ ದೊಡ್ಡದಾಗುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಒಂದನ್ನೇ ತರಬೇಡ. ಆರು ಇರಲಿ. ಒಂಟಿ ಕೋರಿ ಮೂಲೆ ಹಿಡಿದು ಕೂರುತ್ತದೆ, ಥೇಟ್ ನಿನ್ನ ಹಾಗೆ. ತಳದಲ್ಲಿ ಚೂಪು ಕಲ್ಲಿದ್ದರೆ ತೆಗೆದು ನಯವಾದ ಮರಳು ಹಾಕು. ಇಲ್ಲದಿದ್ದರೆ ಕೆದಕಿ ಕೆದಕಿ ಅವುಗಳ ಮೀಸೆ ಸವೆದುಹೋಗುತ್ತದೆ. ನೀರಿಗೆ ಉಪ್ಪು ಹಾಕುವ ಅಭ್ಯಾಸವಿದ್ದರೆ ಬಿಡು, ಅವಕ್ಕೆ ಆಗದು.

ನನ್ನ ಸುದ್ದಿ ಒಂದಿದೆ. ಈಗ ನನ್ನದು ಕುರ್ಚಿಯ ಕೆಲಸ. ಐದು ವರ್ಷ ತೊಟ್ಟಿ ತೊಳೆದು ಬೆರಳ ಸಂದಿಯೆಲ್ಲ ಒಡೆದು ಹುಣ್ಣಾಗಿತ್ತಲ್ಲ, ಎಲ್ಲ ಮಾಗಿದೆ. ಮೊನ್ನೆ ಕನ್ನಡಿಯ ಮುಂದೆ ಕೈ ಹಿಡಿದು ನೋಡಿಕೊಂಡೆ, ಯಾರದೋ ಕೈ ಅನ್ನಿಸಿತು. ನನ್ನ ಅಕ್ಷರ ದುಂಡಗಿದೆ ಎಂದು ಯಜಮಾನರೇ ಕರೆದು ಬರೆಯುವ ಕೆಲಸಕ್ಕೆ ಹಾಕಿದರು. ಐದನೇ ತರಗತಿ ಓದಿದವಳಿಗೆ ಇನ್ನೇನು ಬೇಕು.

ಅಕ್ಕ


ಜೂನ್ 16

ಅಕ್ಕಾ,

ನಿನ್ನ ಪತ್ರ ಒಂದು ದಿನ ತಡವಾಗಿ ಬಂತು. ಆದರೂ ಏನೂ ಕೆಟ್ಟಿಲ್ಲ. ಏನಾಯಿತು ಕೇಳು.

ಹದಿನಾಲ್ಕನೇ ತಾರೀಖು ಡಾಕ್ಟರು ತಾವೇ ಒಂದು ಮೀನು ತಂದುಬಿಟ್ಟರು. ಪೇಟೆಯ ಅಂಗಡಿಯಲ್ಲಿ ನೋಡಿದರಂತೆ, ಮನಸ್ಸು ತಡೆಯಲಿಲ್ಲವಂತೆ. ಬೆಳ್ಳಿಯ ಮೈ, ಮೇಲೆ ಕರಿ ಚುಕ್ಕೆ, ಮೀಸೆ ಹೆಚ್ಚುಕಡಿಮೆ ಬಾಲದ ತನಕ. ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ. ಮಕ್ಕಳು ಆಗಲೇ ಮೀಸೆ ತಾತ ಎಂದು ಹೆಸರಿಟ್ಟಿದ್ದಾರೆ.

ಮರುದಿನ ನಿನ್ನ ಪತ್ರ ಓದಿ ಗಾಜಿನ ಹತ್ತಿರ ಕೂತು ಬಾಯಿ ನೋಡಿದೆ. ಮುಂದಕ್ಕೇ ಇತ್ತು, ಅಗಲವಾಗಿಯೇ ಇತ್ತು. ಡಾಕ್ಟರಿಗೆ ಹೇಳಲೇಬೇಕು ಎಂದು ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಅವರ ಕೋಣೆಯ ಬಾಗಿಲ ತನಕ ಹೋದೆ. ಕಸದ ಬುಟ್ಟಿ ಅಲ್ಲೇ ಇತ್ತು. ಮೀನು ತಂದ ಪ್ಲಾಸ್ಟಿಕ್ ಕವರು ಮೇಲೆಯೇ ಬಿದ್ದಿತ್ತು. ಒಂದರೊಳಗೊಂದು ಹಾಕಿದ್ದ ಎರಡು ಕವರಿನ ನಡುವೆ ಒಂದು ಚೀಟಿ. "ಸಣ್ಣ ತಳಿ. ಶಾಂತ ಸ್ವಭಾವ. ಎಲ್ಲ ಸಣ್ಣ ಮೀನುಗಳ ಜೊತೆ ಬಿಡಬಹುದು."

ಅಕ್ಕಾ, ಅದು ನಿನ್ನ ಅಕ್ಷರ! ನನ್ನ ಕೈ ಹಿಡಿದು ತಿದ್ದಿಸಿದವಳು ನೀನು, ನನಗೆ ಗೊತ್ತಾಗುವುದಿಲ್ಲವೇ? ಸಣ್ಣ ಎಂದು ಬರೆಯುವಾಗ ಒತ್ತಿನ ಕೊನೆಯನ್ನು ಮೇಲಕ್ಕೆ ಎಳೆಯುವವರು ಇನ್ನು ಯಾರಿದ್ದಾರೆ? ಅಷ್ಟು ದೂರದಿಂದ ಲಾರಿಯಲ್ಲಿ, ಅಂಗಡಿಯಲ್ಲಿ ಸುತ್ತಿ ನನ್ನ ಕಸದ ಬುಟ್ಟಿಯ ತನಕ ಬಂದಿದ್ದೀಯ. ನಗುವುದೋ ಅಳುವುದೋ ತಿಳಿಯಲಿಲ್ಲ. ಚೀಟಿಯನ್ನು ಒರೆಸಿ ನನ್ನ ಚೀಲದಲ್ಲಿಟ್ಟುಕೊಂಡೆ. ಡಾಕ್ಟರ ಹತ್ತಿರ ಮಾತಾಡುವ ಕಷ್ಟ ತಪ್ಪಿತು. ನೀನೇ ಬಿಡಬಹುದು ಎಂದ ಮೇಲೆ ನನ್ನದೇನು?

ಗುಬ್ಬಿ


ಜೂನ್ 24

ಗುಬ್ಬಿ,

ಪತ್ರ ಎರಡು ಸಲ ಓದಿದೆ. ಹೌದು, ಚೀಟಿ ನನ್ನದೇ. ಚೀಟಿಗಳನ್ನೆಲ್ಲ ಈಗ ನಾನೇ ಬರೆಯುವುದು.

ಆ ಮೀನಿಗೆ ಸಂಜೆ ನೀನು ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕು. ಮುಳುಗುವ ಗುಳಿಗೆ ಸಿಗುತ್ತದೆ, ಅದನ್ನು ಹಾಕು. ಹಸಿದಿರಬಾರದು. ತೊಟ್ಟಿಯ ದೀಪ ಆರಿಸದೆ ಬಿಡಲು ಆಗುತ್ತದೆಯೇ ನೋಡು. ಗಿಡ ಇನ್ನೂ ಒತ್ತಾಗಿ ನೆಡು, ಚಿಕ್ಕವಕ್ಕೆ ಅವಿತುಕೊಳ್ಳಲು ಜಾಗವಿರಲಿ. ಯಾವತ್ತಾದರೂ ಅದನ್ನು ಹಿಡಿಯಬೇಕಾಗಿ ಬಂದರೆ ಬಲೆ ಹಾಕಬೇಡ, ರೆಕ್ಕೆಯಲ್ಲಿ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡು ಮೀನೂ ಬಲೆಯೂ ಹರಿಯುತ್ತವೆ. ಲೋಟದಲ್ಲಿ ಹಿಡಿ. ನಿನ್ನ ಡಾಕ್ಟರು ದೊಡ್ಡ ಮನಸ್ಸಿನವರಾದರೆ ಅದಕ್ಕೆ ಬೇರೆ ತೊಟ್ಟಿ ಕೊಡಿಸಲು ಕೇಳಿ ನೋಡು.

ಇಲ್ಲಿ ಎಲ್ಲ ಸರಿ. ನನ್ನ ಕುರ್ಚಿಗೆ ಹೊಸ ದಿಂಬು ಬಂದಿದೆ. ಕೆಲಸ ಜಾಸ್ತಿ. ಹೆಚ್ಚು ಬರೆಯಲು ಹೊತ್ತಿಲ್ಲ.

ಅಕ್ಕ


ಜುಲೈ 5

ಅಕ್ಕಾ,

ಎಷ್ಟು ಕಾಳಜಿ ನಿನಗೆ. ನೀನು ಹೇಳಿದಂತೆಯೇ ಗುಳಿಗೆ ಹಾಕುತ್ತಿದ್ದೇನೆ, ಗಿಡ ನೆಟ್ಟೆ. ದೀಪ ಮಾತ್ರ ಆಗಲಿಲ್ಲ. ಬೀಗ ಹಾಕುವಾಗ ಮೇಡಂ ಎಲ್ಲ ಆರಿಸಿಬಿಡುತ್ತಾರೆ. ಬೇರೆ ತೊಟ್ಟಿಯ ಮಾತು ಕೇಳಲು ನನಗೆ ಬಾಯಿ ಬರಲಿಲ್ಲ, ಮೀಸೆ ತಾತ ಶಾಂತವಾಗಿಯೇ ಇದೆ. ಹಗಲೆಲ್ಲ ತೊಟ್ಟಿಯ ತಳದಲ್ಲಿರುವ ಕೊರಡಿನ ಅಡಿಯಲ್ಲಿ ಮಲಗಿರುತ್ತದೆ.

ಆದರೆ ಒಂದು ಯೋಚನೆ ಹತ್ತಿದೆ. ವಾರಕ್ಕೊಮ್ಮೆ ಹಲ್ಲಿನ ತಂತಿ ಬಿಗಿಸಿಕೊಳ್ಳಲು ಒಬ್ಬಳು ಪೋರಿ ಬರುತ್ತಾಳೆ. ಎಣಿಕೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಸೋಮವಾರ ಎಲ್ಲರ ಮುಂದೆ "ಅಕ್ಕಾ, ಇವತ್ತು ಇಪ್ಪತ್ತೊಂದೇ ಇದೆ. ತಾತನ್ನ ಬಿಟ್ಟು" ಅಂದಳು. ನಾನು ಎಣಿಸಿದೆ. ಅವಳೇ ಸರಿ. ಮೂರು ನಿಯಾನ್ ಇಲ್ಲ. ಸತ್ತಿದ್ದರೆ ತೇಲಬೇಕಿತ್ತು. ಫಿಲ್ಟರು ಬಿಚ್ಚಿದೆ, ನೆಲದ ಮೇಲೆ ತೆವಳಿ ಹುಡುಕಿದೆ, ಗಿಡ ಕಿತ್ತು ಮತ್ತೆ ನೆಟ್ಟೆ. ಒಂದು ಮುಳ್ಳೂ ಸಿಗಲಿಲ್ಲ.

ಮೇಡಂ "ಮೀನಿಗೇನು ಕಾಲು ಬಂತಾ? ಚೀಲ ಹಿಡ್ಕೊಂಡು ಹೋಗೋರ ಜೊತೆ ಹೋಗಿರ್ಬೇಕು" ಅಂದರು. ಇಲ್ಲಿ ಚೀಲ ಹಿಡಿದು ಹೋಗುವವಳು ನಾನೊಬ್ಬಳೇ.

ನೀರಿನಲ್ಲಿ ಏನಾದರೂ ದೋಷವಿದ್ದರೆ ಮೀನು ಕರಗಿಹೋಗುತ್ತದೆಯೇ? ನಾನೇನು ತಪ್ಪು ಮಾಡುತ್ತಿದ್ದೇನೆ, ಬರೆ.

ಗುಬ್ಬಿ


ಜುಲೈ 17

ಅಕ್ಕಾ,

ನಿನ್ನಿಂದ ಪತ್ರವಿಲ್ಲ. ಹುಷಾರಿದ್ದೀಯ ತಾನೇ?

ಈಗ ಹದಿನೇಳು. ಸಂಜೆ ಹೊರಡುವಾಗ ನಾನೇ ಚೀಲ ಬಿಚ್ಚಿ ಕೌಂಟರಿನ ಮೇಲೆ ಸುರಿದು ತೋರಿಸಿ ಹೋಗುತ್ತೇನೆ. ಬಾಚಣಿಗೆ, ಊಟದ ಡಬ್ಬಿ, ನಿನ್ನ ಚೀಟಿ. ಮೇಡಂ ನೋಡಿಯೂ ನೋಡದ ಹಾಗೆ ಮಾಡುತ್ತಾರೆ, ಆದರೆ ಡಬ್ಬಿಯ ಮುಚ್ಚಳ ತೆಗೆಯುವ ತನಕ ಬೀಗದ ಕೈ ಹಿಡಿಯುವುದಿಲ್ಲ.

ನಿನ್ನೆ ಡಾಕ್ಟರು ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡಮ್ಮ, ಯಾರಾದ್ರೂ ಮಗು ಕೇಳ್ತು ಅಂತ ಕೊಟ್ಯಾ? ಕೊಟ್ಟಿದ್ರೂ ಪರವಾಗಿಲ್ಲ, ಹೇಳಿಬಿಡು" ಅಂದರು. ನಾನು ಅವರ ಮಾತು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತಿಳಿಸಲು ಹೂಂ ಅಂದೆ. ಅಭ್ಯಾಸ. ಅವರು "ಸರಿ, ಹೋಗು" ಅಂದರು. ಬಾಗಿಲು ದಾಟಿದ ಮೇಲೆ ನಾನು ಏನು ಒಪ್ಪಿಕೊಂಡೆ ಎಂದು ಹೊಳೆಯಿತು. ತಿರುಗಿ ಹೋಗಲು ಕಾಲು ಬರಲಿಲ್ಲ. ಒಳಗೆ ಇನ್ನೊಬ್ಬರು ಬಾಯಿ ತೆರೆದು ಕೂತಿದ್ದರು.

ಜುಲೈ ಮುಗಿಯಲು ಎರಡು ವಾರ. ಕಳ್ಳಿ ಅನ್ನಿಸಿಕೊಂಡು ಹೋದರೆ ನಾಲ್ಕನೆಯ ಕೆಲಸ ಯಾರೂ ಕೊಡುವುದಿಲ್ಲ. ಮೀಸೆ ತಾತನ ಮೇಲೆ ಒಂದೊಂದು ಸಲ ಅನುಮಾನ ಬರುತ್ತದೆ. ಆಗ ನಿನ್ನ ಚೀಟಿ ತೆಗೆದು ಓದಿ ಸುಮ್ಮನಾಗುತ್ತೇನೆ. ಬರೆ ಅಕ್ಕಾ.

ಗುಬ್ಬಿ


ಜುಲೈ 23

ಗುಬ್ಬಿ,

ಚೀಟಿ ನಂಬಬೇಡ. ನಿನ್ನ ಮೀನನ್ನು ತಿನ್ನುತ್ತಿರುವುದು ಆ ಮೀಸೆ ತಾತನೇ.

ಜೂನ್‌ನಲ್ಲಿ ನಿನ್ನ ಪತ್ರದಲ್ಲಿ ಬೆಳ್ಳಿ ಮೈ, ಕರಿ ಚುಕ್ಕೆ, ಉದ್ದ ಮೀಸೆ ಎಂದು ಓದಿದಾಗಲೇ ನನಗೆ ಯಾವ ಮೀನು ಎಂದು ಗೊತ್ತಾಯಿತು. ಕತ್ತಲಾದ ಮೇಲೆ ಏಳುತ್ತದೆ. ಮಲಗಿದ ನಿಯಾನ್‌ಗಳನ್ನು ಇಡಿಯಾಗಿ ನುಂಗುತ್ತದೆ, ಮುಳ್ಳು ಕೂಡ ಉಳಿಸುವುದಿಲ್ಲ. ಗೇಣುದ್ದ ಬೆಳೆಯುತ್ತದೆ. ಹೊಟ್ಟೆ ತುಂಬ ಹಾಕು, ದೀಪ ಬಿಡು, ಗಿಡ ನೆಡು ಎಂದೆನಲ್ಲ, ಅದೆಲ್ಲ ಈ ಮಾತು ಹೇಳದೆ ತಪ್ಪಿಸಿಕೊಳ್ಳಲು ಹೇಳಿದ್ದು.

ಚೀಟಿ ಬರೆಯುವುದು ಹೇಗೆ ಎಂದು ಕೇಳು. ಬೆಳಿಗ್ಗೆ ಯಜಮಾನರು ಒಂದು ಸಾಲು ಹೇಳುತ್ತಾರೆ. ಅದನ್ನೇ ನಾನು ಮಧ್ಯಾಹ್ನದ ತನಕ ಬರೆಯುತ್ತೇನೆ. ಕವರಿನಲ್ಲಿ ಯಾವ ಮೀನು ಹೋಗುತ್ತದೆ ಎಂದು ನಾನು ನೋಡುವುದಿಲ್ಲ. ಮೀಸೆ ಇದ್ದ ಮೀನಿಗೆಲ್ಲ ಒಂದೇ ಚೀಟಿ. ಮೊದಲ ವಾರವೇ ಕೇಳಿದ್ದೆ, "ಇದು ಸಣ್ಣ ತಳಿ ಅಲ್ವಲ್ಲ ಯಜಮಾನ್ರೇ." ಅವರು "ಅಂಗಡಿಗೆ ಹೋಗೋವಾಗ ಸಣ್ಣದೇ ಅಲ್ವೇನಮ್ಮ? ಆಮೇಲೆ ಬೆಳೆದ್ರೆ ಅದು ಸಾಕಿದೋರ ಭಾಗ್ಯ" ಅಂದರು. ಎಲ್ಲರೂ ನಕ್ಕರು. ನನ್ನ ಕೈಯ ಹುಣ್ಣು ಆಗ ತಾನೇ ಮಾಗುತ್ತಿತ್ತು. ನಾನು ಕುರ್ಚಿಗೆ ಹೋಗಿ ಕೂತೆ.

ನೀನು ಬಾಯಿ ಬಿಡುವುದಿಲ್ಲ ಎಂದು ನಾನು ಎಷ್ಟು ಸಲ ಗೇಲಿ ಮಾಡಿದ್ದೇನೆ. ನಾನು ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ಮುಚ್ಚಿದವಳು. ನಿನ್ನದು ಬರೀ ಸ್ವಭಾವ.

ಈ ಪತ್ರವನ್ನು ಡಾಕ್ಟರಿಗೆ ತೋರಿಸು. ಅವರು ಅಂಗಡಿಯವನನ್ನು ಕೇಳಲಿ, ಅಂಗಡಿಯವನು ಯಜಮಾನರನ್ನು ಕೇಳಲಿ. ನನಗೆ ಆಗುವುದು ಆಗಲಿ.

ಅಕ್ಕ


ಜುಲೈ 30

ಅಕ್ಕನಿಗೆ,

ಪತ್ರ ಇಪ್ಪತ್ತೆಂಟಕ್ಕೆ ಸಿಕ್ಕಿತು. ಓದಿದ ಮೇಲೆ ಮಡಚಿಟ್ಟು ನೆಲ ಒರೆಸಿದೆ. ಒಂದೇ ನೆಲವನ್ನು ಎರಡು ಸಲ ಒರೆಸಿದೆ ಎಂದು ಮೇಡಂ ಹೇಳಿದ ಮೇಲೆ ಗೊತ್ತಾಯಿತು.

ಡಾಕ್ಟರಿಗೆ ಪತ್ರ ತೋರಿಸಲಿಲ್ಲ. ತೋರಿಸಿದ್ದರೆ ಅಕ್ಕನ ಕೈಯಲ್ಲಿ ಬರೆಸಿಕೊಂಡು ಬಂದಿದ್ದಾಳೆ ಎನ್ನುತ್ತಿದ್ದರು. ಹೋದದ್ದು ನನ್ನ ಹೆಸರು, ನಾನೇ ತರಬೇಕಿತ್ತು.

ನಿನ್ನೆ ಮೀಸೆ ತಾತನಿಗೆ ಗುಳಿಗೆ ಹಾಕಲಿಲ್ಲ. ಎದುರು ನಿಂತರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೆ ಒಂದು ಕಾಗದದಲ್ಲಿ "ಡಾಕ್ಟರೇ, ನಾನು ಮೀನು ಯಾರಿಗೂ ಕೊಟ್ಟಿಲ್ಲ. ಇವತ್ತು ಊಟಕ್ಕೆ ಹೋಗುವ ಮುಂಚೆ ತೊಟ್ಟಿಯ ಹತ್ತಿರ ಬನ್ನಿ" ಎಂದು ಬರೆದು ಸಲಕರಣೆಯ ತಟ್ಟೆಯಲ್ಲಿ ಇಕ್ಕಳದ ಪಕ್ಕ ಇಟ್ಟೆ. ಅವರು ಓದಿ ಜೇಬಿಗೆ ಹಾಕಿಕೊಂಡರು. ಹನ್ನೆರಡೂವರೆಗೆ ನಾನು ತೊಟ್ಟಿಯ ದೀಪ ಆರಿಸಿ, ಎಕ್ಸ್‌ರೇ ಕೋಣೆಯ ಕರಿ ಪರದೆ ಬಿಚ್ಚಿ ತಂದು ಮೂರು ಸುತ್ತು ಹೊದಿಸಿದೆ. ಮೇಡಂ "ಇದೇನೇ, ತೊಟ್ಟಿಗೆ ಚಳಿ ಜ್ವರಾನಾ?" ಅಂದರು. ನಾನು "ಸ್ವಲ್ಪ ಸುಮ್ನಿರಿ ಮೇಡಂ" ಅಂದೆ. ಅವರಿಗಿಂತ ನನಗೇ ಹೆಚ್ಚು ಗಾಬರಿಯಾಯಿತು.

ಒಂದೂಕಾಲಿಗೆ ಡಾಕ್ಟರು ಬಂದರು. ಹಣೆಯ ದೀಪ ಹಾಗೇ ಇತ್ತು. ನಾನು ಪರದೆ ಸರಿಸಿದೆ, ಅವರು ದೀಪ ಹಾಕಿದರು. ಮೀಸೆ ತಾತ ಗಿಡದ ನಡುವೆ ನಿಂತಿತ್ತು. ಅದರ ಬಾಯಿಂದ ನಿಯಾನಿನ ಕೆಂಪು ಬಾಲ ಹೊರಗೆ ಕಾಣುತ್ತಿತ್ತು. ನಾವು ನೋಡುತ್ತಿದ್ದ ಹಾಗೆಯೇ ಅದೂ ಒಳಗೆ ಹೋಯಿತು.

ಡಾಕ್ಟರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ "ಇಪ್ಪತ್ತು ವರ್ಷದಿಂದ ಬಾಯಿ ನೋಡೋದೇ ನನ್ನ ಕಸುಬು. ಇದರ ಬಾಯಿ ಮಾತ್ರ ನೋಡ್ಲಿಲ್ಲ" ಅಂದರು. ನನ್ನ ಕಡೆ ತಿರುಗಿ "ಮತ್ತೆ ಅವತ್ತು ಹೂಂ ಅಂದೆಯಲ್ಲಮ್ಮ?" ಎಂದು ಕೇಳಿದರು. "ಅದು ಕೇಳಿಸ್ತು ಅನ್ನೋ ಹೂಂ ಡಾಕ್ಟರೇ. ಹೌದು ಅನ್ನೋ ಹೂಂ ಅಲ್ಲ" ಅಂದೆ. ಇಷ್ಟು ಉದ್ದದ ಮಾತು ಅವರೆದುರು ನಾನು ಆಡಿದ್ದು ಅದೇ ಮೊದಲು. ಮೇಡಂ ಸಂಜೆ ನನ್ನ ಚೀಲ ತಾವೇ ಎತ್ತಿ ಕೈಗೆ ಕೊಟ್ಟರು. ಬಿಚ್ಚಲು ಬಿಡಲಿಲ್ಲ. ಅವರ ಕ್ಷಮಾಪಣೆ ಅಷ್ಟೇ ಇರಬೇಕು.

ಕೆಲಸ ಉಳಿಯಿತು. ಮೀಸೆ ತಾತನನ್ನು ಲೋಟದಲ್ಲಿ ಹಿಡಿದು ಕೊಟ್ಟೆ, ಡಾಕ್ಟರ ಗೆಳೆಯರೊಬ್ಬರ ಮನೆಯ ದೊಡ್ಡ ತೊಟ್ಟಿಗೆ ಹೋಯಿತು. ಆದರೆ ಸಾಬೀತು ಮಾಡಲು ನಿನ್ನೆ ಸತ್ತ ನಿಯಾನು ನನ್ನ ಲೆಕ್ಕಕ್ಕೆ ಸೇರಿತು. ಉಳಿದಿರುವುದು ಹನ್ನೆರಡು.

ಡಾಕ್ಟರು "ಕವರಲ್ಲಿ ಏನೋ ಚೀಟಿ ಇತ್ತಲ್ಲ? ಕೊಡು, ಅಂಗಡಿಯವನ ಮುಖಕ್ಕೆ ಹಿಡೀತೀನಿ" ಅಂದರು. ನಾನು ಲೋಟ ತೊಳೆಯಲು ಹೋದೆ. ಚೀಟಿ ಇನ್ನೂ ನನ್ನ ಚೀಲದಲ್ಲಿದೆ. ಕೊಟ್ಟಿಲ್ಲ. ಹರಿದೂ ಹಾಕಿಲ್ಲ. ಇಂಥ ಚೀಟಿ ಇನ್ನೆಷ್ಟು ಮನೆಗೆ ಹೋಗಿದೆ ಎಂದು ರಾತ್ರಿ ಮಲಗಿದಾಗ ನೆನಪಾಗುತ್ತದೆ. ಅಲ್ಲೆಲ್ಲ ನಿನ್ನ ಅಕ್ಷರ ಗುರುತಿಸುವ ತಂಗಿ ಇರುವುದಿಲ್ಲ.

ಮುಂದಿನ ತಿಂಗಳು ಅದೇ ಅಂಗಡಿಯ ಮೂಲಕ ಆರು ಕೋರಿ ತರಿಸುತ್ತಾರಂತೆ. ಹೆಸರನ್ನು ನಾನೇ ಹೇಳಿದೆ.

ಗುಬ್ಬಿ


ಆಗಸ್ಟ್ 19

ಗುಬ್ಬಿ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಉತ್ತರ ಬರೆಯುವ ಮುಂಚೆ ಮಾಡಬೇಕಾದ್ದು ಒಂದಿತ್ತು.

ಆರನೇ ತಾರೀಖು ಯಜಮಾನರು ಎಂದಿನ ಸಾಲು ಹೇಳಿದರು. ನಾನು ಎದ್ದು ಹೋಗಿ ಕವರುಗಳನ್ನು ನೋಡಿ ಬಂದು ಬೇರೆ ಸಾಲು ಬರೆದೆ. "ಗೇಣುದ್ದ ಬೆಳೆಯುತ್ತದೆ. ಸಣ್ಣ ಮೀನು ತಿನ್ನುತ್ತದೆ. ದೊಡ್ಡ ಮೀನಿನ ಜೊತೆ ಮಾತ್ರ ಬಿಡಿ." ಅರವತ್ತು ಚೀಟಿ. ಲಾರಿ ಹೊರಟ ಮೇಲೆ ಅವರಿಗೆ ಗೊತ್ತಾಯಿತು, ಅದೂ ನಾನೇ ಹೇಳಿದ ಮೇಲೆ. "ನಿನಗೆ ಏನು ದೆವ್ವ ಹಿಡೀತು?" ಎಂದು ಕೇಳಿದರು. ನನ್ನ ತಂಗಿ ಓದುತ್ತಾಳೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಕೆಲಸದಿಂದ ತೆಗೆಯಲಿಲ್ಲ. ತೊಟ್ಟಿ ತೊಳೆಯುವ ಕಡೆಗೆ ಹಾಕಿದ್ದಾರೆ. ಕುರ್ಚಿಯಲ್ಲಿ ಈಗ ಪ್ಯಾಕಿಂಗಿನವಳೊಬ್ಬಳು ಕೂರುತ್ತಾಳೆ. ಅವಳ ಅಕ್ಷರ ಕಾಗೆ ಕಾಲಿನದು, ಸಾಲು ಮಾತ್ರ ಯಜಮಾನರದೇ. ಆ ಅರವತ್ತು ಚೀಟಿ ಹೋದ ಕಡೆ ಎರಡು ಅಂಗಡಿಯವರು ಇಂಥದೇ ಚೀಟಿ ಕಳಿಸಿ ಎಂದು ಕೇಳಿದರಂತೆ, ಉಳಿದವರು ಮೀನನ್ನೇ ವಾಪಸು ಕಳಿಸಿದರು. ಹಾಗಾಗಿ ನಾನು ಗೆದ್ದೆ ಎಂದು ತಿಳಿಯಬೇಡ. ಬೆರಳು ಮತ್ತೆ ಒಡೆಯಲು ಶುರುವಾಗಿದೆ. ಈ ಪತ್ರ ಮೂರು ದಿನದಿಂದ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನ ಚೀಟಿಯನ್ನು ಡಾಕ್ಟರಿಗೆ ಕೊಡುವುದಾದರೆ ಕೊಡು. ಅದು ನನ್ನದೇ ಎಂದೂ ಹೇಳು.

ನಿನ್ನ ಪೇಟೆಯ ಅಂಗಡಿಗೆ ಆರು ಕೋರಿ ಬೇಕು ಎಂದು ನಿನ್ನೆ ಆರ್ಡರು ಬಂತು. ತೊಟ್ಟಿಯಿಂದ ಹಿಡಿಯುವುದು ನಮ್ಮ ಕಡೆಯ ಕೆಲಸ, ನಾನೇ ಆರಿಸಿದೆ. ಆರೂ ಒಂದೇ ತೊಟ್ಟಿಯಲ್ಲಿ ಒಟ್ಟಿಗೆ ಬೆಳೆದವು. ಒಂದೊಂದನ್ನೂ ತಿರುಗಿಸಿ ಬಾಯಿ ನೋಡಿದ್ದೇನೆ, ಮೀಸೆ ಸವೆದಿಲ್ಲ. ಮುಂದಿನ ವಾರ ಗುರುವಾರ ತಲುಪಬಹುದು. ಕವರನ್ನು ಅರ್ಧ ಗಂಟೆ ಹಾಗೇ ನೀರಿನಲ್ಲಿ ತೇಲಿಬಿಟ್ಟು ಆಮೇಲೆ ಬಿಚ್ಚು.

ಕವರಿನ ಚೀಟಿಯಲ್ಲಿ "ಎಂಜಲು ತಿಂದು ತೊಟ್ಟಿ ಚೊಕ್ಕ ಮಾಡುತ್ತದೆ, ಬೇರೆ ಆಹಾರ ಬೇಡ" ಎಂದಿರುತ್ತದೆ. ಡಾಕ್ಟರೂ ಅದನ್ನೇ ನಂಬಿದ್ದಾರೆ. ಅದು ಸುಳ್ಳು. ಹಾಗೆಂದು ಬಿಟ್ಟರೆ ಒಂದು ತಿಂಗಳಲ್ಲಿ ಆರೂ ಹೊಟ್ಟೆ ಒಳಗೆ ಹೋಗಿ, ಸದ್ದಿಲ್ಲದೆ ಸಾಯುತ್ತವೆ. ಸಂಜೆ ಮೇಲಿನ ಮೀನುಗಳಿಗೆ ಹಾಕಿ ಮುಗಿದ ಮೇಲೆ, ಅವಕ್ಕೆ ಅಂತಲೇ ಗುಳಿಗೆ ತೆಗೆದು ತಳಕ್ಕೆ ಹಾಕು. ಅವು ಬಂದು ತಿನ್ನುವ ತನಕ ನಿಂತು ನೋಡು.

ಅಕ್ಕ